ಇಪ್ಪತ್ತು ವರ್ಷ ದಾಟಿದ ಫರ್ಗಾಟನ್ ರೆಲ್ಮ್ಸ್ ಪುಸ್ತಕ, ಈಗಲೂ ನಮ್ಮ ಟೇಬಲ್ ಮೇಲೆ

ಹಲ್ರುವಾ ಇದೆಯೋ, ಇಲ್ಲವೋ? ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ), ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಟೇಬಲ್ ಆಟ. ಫರ್ಗಾಟನ್ ರೆಲ್ಮ್ಸ್ ಅದರ ಒಂದು ಕಲ್ಪಿತ ಲೋಕ, ಹಲ್ರುವಾ ಅಲ್ಲಿನ ಒಂದು ನಾಡು. ಹೊಸ ಕ್ಯಾಂಪೇನಿನ, ಅಂದರೆ ಹಲವು ದಿನ ಮುಂದುವರಿಯುವ ಕಥೆಯ, ಮೊದಲ ದಿನ ನಮ್ಮಲ್ಲಿ ಮುಕ್ಕಾಲು ಗಂಟೆ ಇದೇ ಜಗಳ. ಒಬ್ಬ ಆ ಮಂತ್ರವಾದಿಗಳ ನಾಡಿನ ಹುಡುಗನ ಪಾತ್ರ ಬರೆದುಕೊಂಡು ಬಂದಿದ್ದ. 'ಅದು ಸ್ಫೋಟವಾಗಿ ಹೋಯ್ತಲ್ಲ' ಅಂದಳು ಇನ್ನೊಬ್ಬಳು. 'ವಾಪಸ್ ಬಂದಿದೆ ಕಣೇ' ಅಂದ ಮೂರನೆಯವನು. ಮೂವರೂ ಸರಿ, ಓದಿದ ಎಡಿಷನ್ ಬೇರೆ ಬೇರೆ ಅಷ್ಟೇ.

ಕೊನೆಗೆ 2001ರ ಫರ್ಗಾಟನ್ ರೆಲ್ಮ್ಸ್ ಕ್ಯಾಂಪೇನ್ ಸೆಟ್ಟಿಂಗ್ ತೆಗೆದೆ. ಡಿ ಅಂಡ್ ಡಿ ಮೂರನೇ ಎಡಿಷನ್‌ದು, 320 ಪುಟ. ಇದರಲ್ಲಿ ಆ ಲೋಕದ ಲೆಕ್ಕದ 1372ನೇ ವರ್ಷ ನಡೆಯುತ್ತಿದೆ. ನಮ್ಮ ಆಟವೂ ಅದೇ ವರ್ಷ ಶುರು ಅಂದೆ. ಹಲ್ರುವಾ ನಾಶವಾಗುವುದು ಮಂತ್ರಶಕ್ತಿಯೇ ಕೆಟ್ಟು ಲೋಕ ಅಲ್ಲೋಲಕಲ್ಲೋಲವಾದ 1385ರ ಸ್ಪೆಲ್‌ಪ್ಲೇಗ್‌ನಲ್ಲಿ, ಇನ್ನೂ ಹದಿಮೂರು ವರ್ಷ ಇದೆ. ಜಗಳ ಅಲ್ಲಿಗೆ ನಿಂತಿತು.

ಇದೇ ಪುಸ್ತಕ ಯಾಕೆ ಅಂದರೆ, ಬೇರೆ ಯಾವುದೂ ನನ್ನ ಕೈಗೆ ಇಷ್ಟು ಚೆನ್ನಾಗಿ ಕೂರಲಿಲ್ಲ. ಈ ಲೋಕದ ಮೊದಲ ಸೆಟ್ ಆದ 1987ರ ಗ್ರೇ ಬಾಕ್ಸ್ ಇಷ್ಟವೇ, ಆದರೆ ಅದರಲ್ಲಿ ಖಾಲಿ ಜಾಗ ಜಾಸ್ತಿ, ನಾನೇ ತುಂಬಬೇಕು. 2008ರ ನಾಲ್ಕನೇ ಎಡಿಷನ್ ಕಾಲವನ್ನು ಸುಮಾರು ನೂರು ವರ್ಷ ಮುಂದೆ ತಳ್ಳಿ 1479ಕ್ಕೆ ತಂದು ನಿಲ್ಲಿಸಿತು. ನಮಗೆ ಪರಿಚಯವಿದ್ದ ಎಷ್ಟೋ ಜನ ಆ ಮಧ್ಯೆ ಸತ್ತರು, ಕೆಲವು ದೇಶಗಳೇ ಇಲ್ಲವಾದವು. 2015ರ ಸ್ವೋರ್ಡ್ ಕೋಸ್ಟ್ ಅಡ್ವೆಂಚರರ್ಸ್ ಗೈಡ್ ತೆಳು, ಆ ಕರಾವಳಿ ಬಿಟ್ಟು ಆಚೆ ಹೊರಟರೆ ಪುಸ್ತಕವೇ ನಮ್ಮ ಕೈ ಬಿಡುತ್ತದೆ. 2001ರದ್ದು ಹಾಗಲ್ಲ. ಒಂದೊಂದು ನಾಡಿಗೂ ರಾಜಧಾನಿ, ಜನಸಂಖ್ಯೆ, ಆಡಳಿತ, ಯಾವ ದೇವರು, ಏನು ತರಿಸುತ್ತಾರೆ, ಏನು ಮಾರುತ್ತಾರೆ, ಎಲ್ಲ ಇದೆ. ಆಟಗಾರರು ಇದ್ದಕ್ಕಿದ್ದಂತೆ ಥೇ ಅನ್ನೋ ನಾಡಿನ ಕಡೆ ತಿರುಗಿದರೂ ಪುಟ ತೆಗೆದು ಎರಡು ನಿಮಿಷದಲ್ಲಿ ಸಂತೆ ನಡೆಸಬಹುದು.

ಕೊರತೆ ಇಲ್ಲ ಅಂತಲ್ಲ. ಅಕ್ಷರ ಸಣ್ಣದು, ರಾತ್ರಿ ಹೊತ್ತು ಕಣ್ಣು ಉರಿಯುತ್ತದೆ. ಪಾತ್ರಗಳ ಅಂಕಿಅಂಶ ಐದನೇ ಎಡಿಷನ್ ಆಡುವವರಿಗೆ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ, ನಾನು ರಾಕ್ಷಸ, ಪ್ರಾಣಿಗಳ ಅಂಕಿಅಂಶ ಇರುವ ಹೊಸ ಮಾನ್ಸ್ಟರ್ ಮ್ಯಾನುಯಲ್‌ನಿಂದಲೇ ಎತ್ತುತ್ತೇನೆ. ಇನ್ನೊಂದು ತಮಾಷೆ, ಈ ಪುಸ್ತಕವೂ ಹಳೆಯದನ್ನು ತಿದ್ದಿದೆ! ಎರಡನೇ ಎಡಿಷನ್‌ನಲ್ಲಿ ದೇವಲೋಕಗಳು ದೊಡ್ಡ ಚಕ್ರದ ಹಾಗೆ ಇದ್ದವು, ಇಲ್ಲಿ ಮರವಾದವು, ಐದನೆಯದರಲ್ಲಿ ಮತ್ತೆ ಚಕ್ರ. ಇದನ್ನು ನಾನು ತೀರ್ಮಾನಿಸಲೇ ಇಲ್ಲ. ನಮ್ಮ ಆಟದಲ್ಲಿ ಒಬ್ಬ ಪೂಜಾರಿ ಮರ ಅನ್ನುತ್ತಾನೆ, ಒಬ್ಬಳು ಮಂತ್ರವಾದಿ ಚಕ್ರ ಅನ್ನುತ್ತಾಳೆ, ಇಬ್ಬರೂ ಸತ್ತು ನೋಡಿ ಬಂದವರಲ್ಲ. ಈ ಲೋಕವನ್ನು ಹುಟ್ಟಿಸಿದ ಎಡ್ ಗ್ರೀನ್‌ವುಡ್ ಕೂಡ ಎಷ್ಟೋ ವಿಷಯವನ್ನು ಎಲ್‌ಮಿನ್‌ಸ್ಟರ್ ಅನ್ನೋ ಮುದಿ ಮಂತ್ರವಾದಿಯ ಬಾಯಲ್ಲೇ ಹೇಳಿಸಿದ್ದು. ಮುದುಕ ಮರೆತಿರಬಹುದು, ಸುಳ್ಳೂ ಹೇಳಿರಬಹುದು, ಅಲ್ವಾ?

2014ರಿಂದ ಈಚೆ ಆಟದ ಪುಸ್ತಕಗಳಲ್ಲಿ ಬಂದದ್ದಷ್ಟೇ ಆಟಕ್ಕೆ ಅಧಿಕೃತ ಅಂತ 2021ರಲ್ಲಿ ಪ್ರಕಾಶಕರ ಕಡೆಯಿಂದ ಮಾತು ಬಂತು. ಬರಲಿ. ಅವರು ನಮ್ಮ ಟೇಬಲ್‌ಗೆ ಬಂದು ಡೈಸ್ ಉರುಳಿಸುವುದಿಲ್ಲವಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಆ ಸಣ್ಣ ಅಕ್ಷರಕ್ಕೆ. ಹಲ್ರುವಾ ಹುಡುಗ ಈಗ ಏಳನೇ ಲೆವೆಲ್, ಆಟದಲ್ಲಿ 1374 ನಡೆಯುತ್ತಿದೆ. 1385 ಬಂದಾಗ ನಮ್ಮೂರು ಹೋಗುತ್ತಾ ಅಂತ ಅವನು ಪ್ರತಿ ವಾರ ಕೇಳುತ್ತಾನೆ. ನಾನು ಇನ್ನೂ ಬಾಯಿ ಬಿಟ್ಟಿಲ್ಲ.