ಮ್ಯಾನೇಜರ್ ‘ಹೂಂ’ ಅಂದರೆ ಕಂಪನಿ ‘ಹೂಂ’ ಅಂದಹಾಗಲ್ಲ

ವಿದೇಶದಲ್ಲಿ ಕೂತು ಇನ್ನೊಂದು ದೇಶದ ಕಂಪನಿಗೆ ಕೆಲಸ ಮಾಡುವ ಯೋಚನೆ ಇದ್ದವರು ಟಿಕೆಟ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ. ನಾನು ವಿಚಾರಿಸದೆ ಹೋಗಿ ಕೆಲಸ ಕಳೆದುಕೊಂಡೆ, ಕೈಯಿಂದ ದಂಡವನ್ನೂ ತೆತ್ತೆ. ದೇಶಗಳ ಹೆಸರು, ಕಂಪನಿಯ ಹೆಸರು ಬೇಡ. ತಪ್ಪಿನಲ್ಲಿ ಹೆಚ್ಚಿನ ಪಾಲು ನನ್ನದೇ.

ಹೆಂಡತಿಗೆ ಬೇರೆ ದೇಶದಲ್ಲಿ ಕೆಲಸ ಸಿಕ್ಕಿತು. ನನ್ನದು ಹೇಗೂ ಮನೆಯಿಂದಲೇ ಮಾಡುವ ಕೆಲಸ. ಮ್ಯಾನೇಜರ್‌ಗೆ ಫೋನಿನಲ್ಲಿ ಹೇಳಿದೆ. “ಮೀಟಿಂಗ್ ತಪ್ಪಿಸಬೇಡ ಅಷ್ಟೆ, ಎಲ್ಲಿಂದಾದರೂ ಮಾಡು” ಅಂದರು. ನನಗಷ್ಟೇ ಸಾಕಾಯಿತು. ಎಚ್‌ಆರ್‌ಗೆ ಮೇಲ್ ಹಾಕಲಿಲ್ಲ, ಕೇಳಿದರೆ ಬೇಡ ಅಂದುಬಿಟ್ಟಾರು ಎಂಬ ಹೆದರಿಕೆ. ಅಂದರೆ ಒಳಗೊಳಗೆ ಆಗಲೇ ಗೊತ್ತಿತ್ತು ಅಂತಾಯಿತಲ್ಲ!

ನಾನು ಹೋದದ್ದು ಅವಲಂಬಿತರ ವೀಸಾದ ಮೇಲೆ. ಅದರಲ್ಲಿ ‘ಉದ್ಯೋಗಕ್ಕೆ ಅನುಮತಿ ಇಲ್ಲ’ ಎಂದು ಅಚ್ಚಾಗಿತ್ತು. ಅದು ಅಲ್ಲಿನ ಕಂಪನಿಗಳಲ್ಲಿ ದುಡಿಯುವವರಿಗೆ, ನನ್ನ ಸಂಬಳ ಹೊರಗಿನಿಂದ ಬರುತ್ತದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಬಹಳಷ್ಟು ದೇಶಗಳ ಕಾನೂನು ನೋಡುವುದು ಸಂಬಳ ಎಲ್ಲಿಂದ ಬರುತ್ತದೆ ಎಂದಲ್ಲ, ಕೆಲಸ ಮಾಡುವಾಗ ನೀವು ಎಲ್ಲಿ ಕೂತಿದ್ದಿರಿ ಎಂದು.

ಆರು ತಿಂಗಳು ಏನೂ ಆಗಲಿಲ್ಲ. ಲ್ಯಾಪ್‌ಟಾಪಿಗೆ ವಿಪಿಎನ್ (ನಾವು ಎಲ್ಲಿಂದ ಇಂಟರ್ನೆಟ್ ಬಳಸುತ್ತಿದ್ದೇವೆ ಎಂಬುದನ್ನು ಮರೆಮಾಚುವ ತಂತ್ರಾಂಶ) ಹಾಕಿಕೊಂಡು ಕಂಪನಿಯ ದೇಶದಲ್ಲೇ ಇದ್ದೇನೆ ಎನ್ನುವಂತೆ ನಟಿಸುತ್ತಿದ್ದೆ. ಫೆಬ್ರವರಿಯ ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆದ ನಾಲ್ಕು ನಿಮಿಷಕ್ಕೆ ಹೊಸ ಫೋನಿನಲ್ಲಿ ಆಫೀಸಿನ ಮೇಲ್ ತೆರೆದೆ. ಅದಕ್ಕಿನ್ನೂ ವಿಪಿಎನ್ ಹಾಕಿರಲಿಲ್ಲ. ಐಟಿಯವರು ಇದನ್ನು ‘ಇಂಪಾಸಿಬಲ್ ಟ್ರಾವೆಲ್’ ಅನ್ನುತ್ತಾರೆ. ನಾಲ್ಕು ನಿಮಿಷದಲ್ಲಿ ಯಾರೂ ದೇಶ ದಾಟಲಾರರು, ಆದ್ದರಿಂದ ಖಾತೆ ಕಳುವಾಗಿದೆ ಎಂದು ಸಿಸ್ಟಮ್ ತೀರ್ಮಾನಿಸುತ್ತದೆ. ಗ್ರಾಹಕರ ಜೊತೆ ಮಾತಾಡುತ್ತಿದ್ದಂತೆಯೇ ಪರದೆ ಲಾಗಿನ್ ಪುಟಕ್ಕೆ ಹಾರಿತು. ಭದ್ರತಾ ತಂಡದ ಹುಡುಗ ಫೋನ್ ಮಾಡಿ ಬಹಳ ಮರ್ಯಾದೆಯಿಂದ ಕೇಳಿದ: “ಸರ್, ಈ ಇಬ್ಬರಲ್ಲಿ ನೀವು ಯಾರು?”

ಮ್ಯಾನೇಜರ್ ಆ ಫೋನಿನ ಮಾತು ನೆನಪೇ ಇಲ್ಲ ಅಂದರು. ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅಂಥ ಅನುಮತಿ ಕೊಡುವ ಅಧಿಕಾರ ಅವರಿಗೂ ಇರಲಿಲ್ಲ.

ಲೀಗಲ್‌ನವರ ಮೊದಲ ಪ್ರಶ್ನೆ ನನ್ನ ಬಗ್ಗೆ ಆಗಿರಲೇ ಇಲ್ಲ. “ಅಲ್ಲಿ ಕೂತು ಎಷ್ಟು ಗ್ರಾಹಕರ ಜೊತೆ ದರ ಮಾತಾಡಿದ್ದೀರಿ?” ನನ್ನ ಕೆಲಸವೇ ಅದು! ಒಪ್ಪಂದ ಕುದುರಿಸುವ ನೌಕರ ಒಂದು ದೇಶದಲ್ಲಿ ಬೀಡುಬಿಟ್ಟರೆ ಕಂಪನಿಗೇ ಅಲ್ಲೊಂದು ಕಾಯಂ ನೆಲೆ ಇದೆ ಎಂದು ಆ ದೇಶದ ತೆರಿಗೆ ಇಲಾಖೆ ವಾದಿಸಬಹುದು, ಲಾಭದಲ್ಲಿ ಪಾಲು ಕೇಳಬಹುದು. ‘ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್’ ಎಂಬ ಪದ ನಾನು ಕೇಳಿದ್ದು ಅವತ್ತೇ ಮೊದಲು. ಮೂರನೇ ವಾರಕ್ಕೆ ಕೆಲಸ ಹೋಯಿತು.

ಇನ್ನು ತೆರಿಗೆ. 183 ದಿನ ದಾಟದಿದ್ದರೆ ಏನೂ ಆಗಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಅದನ್ನೇ ನಂಬಿದ್ದೆ. ಆಗಸ್ಟ್ 10ಕ್ಕೆ ಹೋದದ್ದು, ಡಿಸೆಂಬರ್ ಕೊನೆಗೆ 144 ದಿನ. ಹೊಸ ವರ್ಷದಲ್ಲಿ ಫೆಬ್ರವರಿ 28ರವರೆಗೆ 59. ಯಾವ ವರ್ಷವೂ 183 ಮುಟ್ಟಲಿಲ್ಲ, ಜಾಣ ನಾನು! ಆದರೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಆರ್ಥಿಕ ಸಂಸ್ಥೆಯ ಈಗಿನ ಮಾದರಿಯಲ್ಲಿ ದೇಶಗಳು ಮಾಡಿಕೊಂಡ ತೆರಿಗೆ ಒಪ್ಪಂದಗಳಲ್ಲಿ ಎಣಿಕೆ ಕ್ಯಾಲೆಂಡರ್ ವರ್ಷಕ್ಕಲ್ಲ, ಯಾವುದೇ ಹನ್ನೆರಡು ತಿಂಗಳ ಅವಧಿಗೆ. ಶನಿವಾರ, ಭಾನುವಾರ, ರಜೆ, ಹುಷಾರಿಲ್ಲದೆ ಮಲಗಿದ ದಿನ ಎಲ್ಲವೂ ಸೇರುತ್ತವೆ. ನಡುವೆ ಆರು ದಿನ ಬೇರೆ ದೇಶಕ್ಕೆ ಹೋಗಿದ್ದೆ, ಹೊರಟ ದಿನ ಮತ್ತು ಮರಳಿದ ದಿನವನ್ನೂ ಎಣಿಸುವುದರಿಂದ ಕಡಿತವಾದದ್ದು ನಾಲ್ಕೇ. ಒಟ್ಟು 199. ಗಡಿ ದಾಟಿದ ಮೇಲೆ ತೆರಿಗೆ ಬೀಳುವುದು ಹೆಚ್ಚುವರಿ 16 ದಿನಕ್ಕಲ್ಲ, ಮೊದಲ ದಿನದಿಂದ ಅಲ್ಲಿ ದುಡಿದ ಅಷ್ಟೂ ಸಂಬಳಕ್ಕೆ. ಎರಡು ದೇಶಗಳ ನಡುವೆ ಒಪ್ಪಂದವೇ ಇಲ್ಲದಿದ್ದರೆ ಈ 183ರ ರಕ್ಷಣೆಯೂ ಇಲ್ಲ. ಸ್ವಿಟ್ಜರ್ಲೆಂಡಿನ ಕಾನೂನಿನಲ್ಲಂತೂ ದುಡಿಯುತ್ತ 30 ದಿನ ಉಳಿದರೆ ತೆರಿಗೆಯ ಮಟ್ಟಿಗೆ ಅಲ್ಲಿಯ ನಿವಾಸಿ ಆಗಿಬಿಡಬಹುದು.

ನಿಜವಾಗಿ ನಿದ್ದೆ ಕೆಡಿಸಿದ್ದು ಇದಲ್ಲ. ತೆರಿಗೆ ಕಟ್ಟಬೇಕಾದರೆ ಅಲ್ಲಿ ಕೆಲಸ ಮಾಡಿದ್ದನ್ನು ಬರೆದುಕೊಡಬೇಕು. ಬರೆದುಕೊಟ್ಟರೆ ವೀಸಾ ಷರತ್ತು ಮುರಿದದ್ದಕ್ಕೆ ನಾನೇ ಸಾಕ್ಷಿ. ಮುಚ್ಚಿಟ್ಟರೆ ತೆರಿಗೆಗಳ್ಳ. ಇದರಿಂದ ಹೆಂಡತಿಗೂ ತೊಂದರೆ ಆಗಬಹುದು ಎಂದು ವಕೀಲೆ ಹೇಳಿದ ದಿನ ಇಬ್ಬರೂ ಮಾತಾಡದೆ ಮನೆಗೆ ನಡೆದುಕೊಂಡು ಬಂದೆವು. ಕೊನೆಗೆ ಎಲ್ಲ ಒಪ್ಪಿಕೊಂಡು ತೆರಿಗೆ, ದಂಡ, ವಕೀಲೆಯ ಫೀಸು ಕಟ್ಟಿದೆ. ನಾನು ಫೆಬ್ರವರಿ 28ಕ್ಕೇ ಹೊರಟುಬಂದಿದ್ದೆ. ಅವಳ ಕೆಲಸದ ಅವಧಿ ಮುಗಿಯುವವರೆಗೆ ಒಬ್ಬಳೇ ಅಲ್ಲಿದ್ದಳು.

ಹೋಗಲೇಬೇಕೆಂದಿದ್ದರೆ ಎಚ್‌ಆರ್‌ನಿಂದ ಬರಹದಲ್ಲಿ ತೆಗೆದುಕೊಳ್ಳಿ. ಯಾವ ದೇಶ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ತೆರಿಗೆ ಮತ್ತು ಸಾಮಾಜಿಕ ವಿಮೆ ಯಾರು ನೋಡಿಕೊಳ್ಳುತ್ತಾರೆ, ಇಷ್ಟೂ ಅದರಲ್ಲಿ ಇರಲಿ. ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆಂದೇ ಕೊಡುವ ಡಿಜಿಟಲ್ ನೋಮ್ಯಾಡ್ ವೀಸಾ ಇದೆಯಲ್ಲ ಅನ್ನುವವರಿಗೆ: ಸ್ಪೇನ್ ಆ ವೀಸಾಕ್ಕೆ ಕಂಪನಿಯ ಅನುಮತಿ ಪತ್ರವನ್ನೇ ಕೇಳುತ್ತದೆ. ಅಲ್ಲಿಗೂ ಬಂದು ನಿಂತದ್ದು ಅದೇ ಎಚ್‌ಆರ್ ಬಾಗಿಲಿಗೆ. ವಿಪಿಎನ್ ಹಾಕಿಕೊಂಡರೆ ಸಾಕು ಎಂದು ಸಲಹೆ ಕೊಡುವ ಗೆಳೆಯರ ಮಾತು ಮಾತ್ರ ಕೇಳಬೇಡಿ. ಕಂಪನಿಯ ಕಣ್ಣಿಗೆ ನನ್ನ ತಪ್ಪು ಮೋಸವಾದದ್ದು ಅದರಿಂದಲೇ.

ಎರಡೂ ಕಡೆ ಕಟ್ಟಿದ ತೆರಿಗೆಯಲ್ಲಿ ಒಂದು ಕಡೆಯದು ವಾಪಸ್ ಬರಬೇಕು. ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತು. ಮೊನ್ನೆ ಪತ್ರ ಬಂತು: ನಾನು ಕಳಿಸಿದ ಪ್ರಮಾಣಪತ್ರ ಜೆರಾಕ್ಸ್ ಆಗಿದೆಯಂತೆ, ಮೂಲ ಪ್ರತಿ ಬೇಕಂತೆ.