ತೇಗ, ಹಲಸು, ಹೊನ್ನೆ, ಮತ್ತಿ: ಮಲೆನಾಡಿನ ಮನೆಗೆ ಯಾವ ಮರ ಎಲ್ಲಿಗೆ?

ಮನೆ ಕಟ್ಟಿಸ್ತೀನಿ ಅಂದ ಕೂಡಲೇ ಎಲ್ಲರೂ ಕೊಡುವ ಸಲಹೆ ಒಂದೇ: "ಮರ ಮಾತ್ರ ತೇಗದ್ದೇ ಹಾಕ್ಸಿ." ಈ ಮಾತಿಗೆ ನನ್ನದು ಅರ್ಧ ಒಪ್ಪಿಗೆ, ಅರ್ಧ ತಕರಾರು. ಸಾಗರದ ಕಡೆಯ ನಮ್ಮ ಹಳೆ ಮನೆಯ ರಿಪೇರಿಗೆ ತೇಗ, ಹಲಸು, ಹೊನ್ನೆ, ಮತ್ತಿ ನಾಲ್ಕನ್ನೂ ಬಳಸಿದ್ದೇನೆ. ಬಿಡುವಾದಾಗ ನಾನೂ ಸಣ್ಣಪುಟ್ಟ ಮರಗೆಲಸ ಮಾಡುತ್ತೇನೆ. ಹಾಗಾಗಿ ಉಳಿದ ತುಂಡುಗಳೆಲ್ಲ ನನ್ನ ಪಾಲಿಗೆ ಬಂದವು. ಅವನ್ನು ಒಂದೇ ಅಳತೆಗೆ ಕೊಯ್ದು, ಕೆಲವನ್ನು ಮಳೆಗಾಲ ಪೂರ್ತಿ ಸೂರಿನಿಂದ ಆಚೆ ಇಟ್ಟೆ. ಕೆಲವನ್ನು ಗೆದ್ದಲು ಜಾಸ್ತಿ ಇರುವ ಧರೆಯ (ಕಡಿದ ಮಣ್ಣಿನ ದಿಬ್ಬದ) ಬುಡದಲ್ಲಿ ಅರ್ಧ ಹೂತೆ. ಇನ್ನು ಕೆಲವಕ್ಕೆ ಮೊಳೆ ಹೊಡೆದು, ಅಂಟು ಹಾಕಿ, ಪಾಲಿಶ್ ಮಾಡಿ ನೋಡಿದೆ. ಇದು ಪ್ರಯೋಗಶಾಲೆಯ ಲೆಕ್ಕ ಅಲ್ಲ. ಆದರೆ ನಮ್ಮ ಮಳೆ, ನಮ್ಮ ಗೆದ್ದಲು ಎರಡೂ ಅಸಲಿ.

ತೂಕ ಗೊತ್ತಿದ್ದರೆ ಮರದ ಗುಣ ಅರ್ಧ ಗೊತ್ತಾದ ಹಾಗೆ. ಸಾಮಿಲ್‌ನಲ್ಲಿ ವ್ಯಾಪಾರ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ. ಒಣಗಿದ ಮರ ಒಂದು ಘನ ಅಡಿಗೆ ಹಲಸಾದರೆ ಸುಮಾರು 17 ಕೆಜಿ ಬರುತ್ತದೆ. ತೇಗ 18ರಿಂದ 19, ಹೊನ್ನೆ 22ರ ಮೇಲೆ, ಮತ್ತಿ 24-25. ಮರದಿಂದ ಮರಕ್ಕೆ ಸ್ವಲ್ಪ ಆಚೀಚೆ ಆಗುತ್ತದೆ. ಹಲಸು, ತೇಗದ ದೊಡ್ಡ ಬಾಗಿಲನ್ನು ಒಬ್ಬರೇ ಹಿಡಿದು ಕೀಲಿಗೆ ಕೂರಿಸಬಹುದು. ಮತ್ತಿಯ ಬಾಗಿಲಾದರೆ ಇಬ್ಬರು ಬೇಕು, ಕೀಲೂ ಗಟ್ಟಿಯದ್ದೇ ಬೇಕು.

ಮೊದಲು ತೇಗ. ಅದರ ಹೆಸರು ಸುಮ್ನೆ ಬಂದದ್ದಲ್ಲ. ಈ ನಾಲ್ಕರಲ್ಲಿ ಒಣಗಿದ ಮೇಲೆ ಅತಿ ಕಡಿಮೆ ಅಲುಗಾಡುವ ಮರ ಇದೇ. ಜೂನ್‌ನಲ್ಲಿ ಉಬ್ಬಿ ಬಾಗಿಲು ಬಿಗಿಯಾಗುವುದು, ಮಾರ್ಚ್‌ನಲ್ಲಿ ಸಂದು ಬಿಡುವುದು ತೇಗದಲ್ಲಿ ತೀರಾ ಕಡಿಮೆ. ಮರದೊಳಗೇ ಎಣ್ಣೆಯ ಅಂಶವಿದೆ, ಗೆದ್ದಲಿಗೆ ಸೇರದ ರಾಸಾಯನಿಕಗಳಿವೆ. ಮಳೆಗೆ ಇಟ್ಟ ತುಂಡು ಬೂದು ಬಣ್ಣಕ್ಕೆ ತಿರುಗಿತು, ಅಷ್ಟೇ. ರಂದಾ ಎಳೆದರೆ ಒಳಗೆ ಹೊಸ ಮರ. ತೊಂದರೆ ಎರಡು. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ರಂದಾ, ಉಳಿಗಳ ಬಾಯಿ ಬೇಗ ಮೊಂಡಾಗುತ್ತದೆ. ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸಂದಿಗೆ ಅಂಟು ಹಾಕುವ ಮೊದಲು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಕೊಂಡರೆ ಕೆಲಸ ಆಗುತ್ತದೆ.

ಈ ಹೊಗಳಿಕೆಯೆಲ್ಲ ಬಲಿತ ಮರದ ಕೆಚ್ಚಿಗೆ, ಅಂದರೆ ನಡುವಿನ ಗಟ್ಟಿ ಭಾಗಕ್ಕೆ ಮಾತ್ರ. ಪೇಟೆಯಲ್ಲಿ ತೇಗ ಅಂತ ಸಿಗುವುದರಲ್ಲಿ ಬಹಳಷ್ಟು ಎಳೆಯ ಪ್ಲಾಂಟೇಶನ್ ಮರ. ಬರ್ಮಾ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಈಗ ಹೊರಗಿನಿಂದ ಬರುವುದು ಹೆಚ್ಚಾಗಿ ಆಫ್ರಿಕಾ, ದಕ್ಷಿಣ ಅಮೆರಿಕದ ನೆಡುತೋಪುಗಳ ಮರ. ನಮ್ಮ ಜಮೀನಿನ ಅಂಚಿನ ತೇಗಗಳ ಕಥೆಯೂ ಬೇರೆಯಲ್ಲ. ದಿಮ್ಮಿ ಕೊಯ್ದಾಗ ನಡುವೆ ಒಂದಿಷ್ಟು ಕೆಚ್ಚು, ಸುತ್ತ ದಪ್ಪಕ್ಕೆ ಬಿಳಿ, ಅಂದರೆ ತೊಗಟೆಯ ಕೆಳಗಿನ ಮೆದು ಮರ. ಅಂಥ ಒಂದು ಲೋಡು ಬಂದಾಗ ನಮ್ಮ ಮರಗೆಲಸದ ಆಚಾರ್ರು ಕೈಯಲ್ಲಿ ಹಿಡಿದು ನೋಡಿ, "ಇದಿನ್ನೂ ತೇಗದ ಮರಿ ಕಣ್ರೀ" ಅಂದಿದ್ದರು. ಧರೆಯ ಬುಡದಲ್ಲಿ ಹೂತ ತುಂಡುಗಳಲ್ಲಿ ಗೆದ್ದಲು ಮೊದಲು ಮುಗಿಸಿದ್ದು ಇದೇ ತೇಗದ ಬಿಳಿಯನ್ನು. ಪಕ್ಕದಲ್ಲಿದ್ದ ಹಲಸಿನ ಕೆಚ್ಚಿಗೆ ಮಣ್ಣು ಮೆತ್ತಿತ್ತು, ಒಳಗೆ ಏನೂ ಆಗಿರಲಿಲ್ಲ. ಎಳೆ ತೇಗಕ್ಕಿಂತ ಬಲಿತ ಹಲಸು ಮೇಲು ಅಂತ ನಾನು ಎಲ್ಲರ ಹತ್ತಿರ ವಾದ ಮಾಡುವುದು ಅದಕ್ಕೇ.

ಹಲಸು ನನಗೆ ತುಂಬಾ ಇಷ್ಟದ ಮರ. ಪಕ್ಷಪಾತ ಅಂದರೂ ಪರವಾಗಿಲ್ಲ. ಹೊಸದಾಗಿ ಕೊಯ್ದಾಗ ಅರಿಸಿನದ ಬಣ್ಣ. ಗಾಳಿ ಬೆಳಕು ತಾಗುತ್ತ ತಾಗುತ್ತ ಕಂದಾಗುತ್ತದೆ, ವರ್ಷಗಳು ಕಳೆದರೆ ಕೆಂಪು ಬೆರೆತ ಗಾಢ ಕಂದು. ಹಳೆ ಮನೆಗಳ ಕಂಬ, ದಾರಂದಗಳಲ್ಲಿ (ಬಾಗಿಲ ಚೌಕಟ್ಟುಗಳಲ್ಲಿ) ಕಾಣುವ ಆ ಬಣ್ಣಕ್ಕೆ ಯಾವ ಪಾಲಿಶೂ ಸಮ ಇಲ್ಲ. ಉಳಿಗೆ ಮೆತ್ತಗೆ ಸಿಗುತ್ತದೆ, ಕೆತ್ತನೆಗೆ ಒಗ್ಗುತ್ತದೆ. ಅಂಟು ಚೆನ್ನಾಗಿ ಹಿಡಿಯುತ್ತದೆ. ವೀಣೆಯ ಕೊಡಕ್ಕೂ ಮೃದಂಗಕ್ಕೂ ಇದೇ ಮರ ಅಲ್ವಾ. ತೂಕ ಕಡಿಮೆ, ಗಟ್ಟಿತನ ಸಾಕಷ್ಟು, ಹುಳದ ಕಾಟ ಇಲ್ಲ. ನಮ್ಮ ಕಡೆಯ ಸಾಮಿಲ್‌ನಲ್ಲಿ ಒಳ್ಳೆ ತೇಗದ ಅರ್ಧ ದುಡ್ಡಿಗಿಂತ ಕಡಿಮೆಗೆ ಸಿಕ್ಕಿತು.

ಹಾಗಂತ ಹಲಸಿನ ಕೆಲಸ ಸಲೀಸು ಅಂತಲ್ಲ. ಮರದ ನಾರಿನ ಎಳೆ ಒಂದು ಕಡೆ ಆಚೆ ಹೋಗಿ, ಇನ್ನೊಂದು ಕಡೆ ಈಚೆ ಬರುತ್ತದೆ. ರಂದಾ ಎದುರು ಎಳೆಗೆ ಸಿಕ್ಕಿದರೆ ಸಿಬರು ಕಿತ್ತು ಬರುತ್ತದೆ. ಬ್ಲೇಡು ಚೂಪಾಗಿರಬೇಕು, ತೆಳುವಾಗಿ ತೆಗೆಯಬೇಕು. ಕೊನೆಗೆ ಸ್ಕ್ರೇಪರ್ ಹಾಕಿದರೆ ನಯವಾಗುತ್ತದೆ. ದೊಡ್ಡ ತಕರಾರು ಅಂದರೆ ಉದ್ದ. ಹಿತ್ತಲ ಹಲಸು ಬೇಗ ಕವಲೊಡೆಯುತ್ತದೆ. ಎಂಟು ಅಡಿಯ ನೇರ ಹಲಗೆ ಸಿಗುವುದೇ ಕಷ್ಟ, ಹದಿನಾಲ್ಕು ಅಡಿಯ ತೊಲೆಯ ಆಸೆ ಬಿಡಬೇಕು. ಉದ್ದ ಬೇಕೇ ಬೇಕು ಅನ್ನುವವರು ಹೆಬ್ಬಲಸು ಹುಡುಕಬಹುದು. ಅದು ಕಾಡಿನ ಮರ, ನೆಟ್ಟಗೆ ಬೆಳೆಯುತ್ತದೆ. ಕರಾವಳಿಯಲ್ಲಿ ದೋಣಿಗೂ ಬಳಸುತ್ತಿದ್ದರು. ಸಿಗುವುದು ಈಗ ಅಪರೂಪ.

ಹೊನ್ನೆ ದಾರಂದಕ್ಕೆ ಹೇಳಿ ಮಾಡಿಸಿದ ಮರ. ಗಟ್ಟಿ, ಭಾರ, ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಸ್ಕ್ರೂ ಹಾಕಿದರೆ ಕಚ್ಚಿ ಹಿಡಿಯುತ್ತದೆ. ಕೀಲು ಸಡಿಲವಾಗಿ ಬಾಗಿಲು ಜೋತು ಬೀಳುವ ಭಯ ಇಲ್ಲ. ಆದರೆ ಬಣ್ಣ ಬಿಡುವ ಚಾಳಿ ಇದೆ. ಇದರ ಚಕ್ಕೆಯನ್ನು ಲೋಟದ ನೀರಿಗೆ ಹಾಕಿ ಬೆಳಕಿಗೆ ಹಿಡಿದರೆ ನೀಲಿ ಹೊಳಪು ಬರುತ್ತದೆ. ಹೊನ್ನೆ ಮರದ ಲೋಟವನ್ನು ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ಮಾರುತ್ತಾರಲ್ಲ, ಅದೇ ಮರ ಇದು. ಔಷಧದ ಮಾತು ಡಾಕ್ಟರಿಗೆ ಬಿಡೋಣ. ಮನೆ ಕಟ್ಟುವವರಿಗೆ ಅದೇ ಬಣ್ಣ ತಲೆನೋವು. ಸೂರಿನಾಚೆ ಇಟ್ಟ ಹೊನ್ನೆ ತುಂಡಿನ ಕೆಳಗಿನ ಸಿಮೆಂಟ್ ಕಟ್ಟೆ ಮೇಲೆ ಹಳದಿಗಂದು ಕಲೆ ಇಳಿದಿದೆ, ಉಜ್ಜಿದರೂ ಪೂರ್ತಿ ಹೋಗಿಲ್ಲ. ಸುಣ್ಣದ ಗೋಡೆಗೆ ತಾಗಿದ ದಾರಂದ ಒದ್ದೆಯಾದರೂ ಹೀಗೇ ಆಗುತ್ತದೆ. ಗೋಡೆಗೆ ತಾಗುವ ಬದಿಗೆ ಕೂರಿಸುವ ಮೊದಲೇ ಸೀಲರ್ ಎರಡು ಕೈ ಹಚ್ಚಿಬಿಡಬೇಕು. ಆಮೇಲೆ ಆ ಬದಿ ಕೈಗೆ ಸಿಗುವುದಿಲ್ಲ. ಹೊನ್ನೆಯಲ್ಲಿ ಅಡುಗೆಮನೆಯ ಕಪಾಟು ಮಾತ್ರ ನಾನು ಮಾಡಲಾರೆ.

ಮತ್ತಿ ಅಂದರೆ ಆಚಾರ್ರು ಮುಖ ಕಿವುಚುತ್ತಾರೆ. ಅವರ ತಪ್ಪಲ್ಲ. ಡ್ರಿಲ್ ಮಾಡದೆ ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ. ಹಸಿ ಮರ ಕೊಯ್ದು ಬಿಸಿಲಿಗೆ ಹಾಕಿದರೆ ತುದಿಯಿಂದ ಬಿರುಕು ಬಿಡುತ್ತದೆ, ತಿರುಚಿಕೊಳ್ಳುತ್ತದೆ. ಹೊರಗಿಟ್ಟ ತುಂಡುಗಳಲ್ಲಿ ಅತಿ ಹೆಚ್ಚು ಸೊಟ್ಟಗಾದದ್ದು ಇದೇ. ಬಾಗಿಲ ಹಲಗೆಗೆ, ಕಿಟಕಿ ಪಡಿಗೆ ಮತ್ತಿ ಬೇಡವೇ ಬೇಡ. ಭಾರ ಹೊರುವ ಕಡೆ ಮಾತ್ರ ಇದಕ್ಕೆ ಸಾಟಿ ಇಲ್ಲ. ಉದ್ದಕ್ಕೆ ನೇರವಾಗಿ ಸಿಗುತ್ತದೆ. ನಮ್ಮ ಅಟ್ಟದ ತೊಲೆಗಳು ಮತ್ತಿಯವು. ಅವುಗಳ ಮೇಲೆ ಅಜ್ಜನ ಕಾಲದಿಂದ ಅಡಿಕೆ ಚೀಲ ಬೀಳುತ್ತಲೇ ಇವೆ. ಹೊಸದಾಗಿ ಪಕಾಸು, ತೊಲೆ ಹಾಕಿಸುವುದಾದರೆ ಕೊಯ್ದ ಮರದ ಎರಡೂ ತುದಿಗೆ ಮೇಣವನ್ನೋ ದಪ್ಪ ಪೇಂಟನ್ನೋ ಬಳಿದು, ನೆರಳಲ್ಲಿ ನಡುವೆ ರೀಪು ಕೊಟ್ಟು ಪೇರಿಸಿ ನಿಧಾನವಾಗಿ ಒಣಗಿಸಬೇಕು. ಅವಸರದವರಿಗೆ ಮತ್ತಿ ಆಗಿಬರುವುದಿಲ್ಲ. ಮತ್ತಿ, ಹೊನ್ನೆ ಎರಡೂ ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಧಾರಾಳವಾಗಿ ನಿಂತಿವೆ. ಆದರೆ ಅಲ್ಲಿ ನಮಗಿರುವುದು ತೋಟಕ್ಕೆ ಸೊಪ್ಪು ತರುವ ಅವಕಾಶ. ಮರ ಕಡಿಯುವ ಹಕ್ಕು ಅಂದುಕೊಂಡರೆ ಕೇಸು ಗ್ಯಾರಂಟಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ಮಾವು ಅಗ್ಗ, ಸೆಂಟ್ರಿಂಗ್ ಹಲಗೆಗೆ ಸರಿ. ಬೋರಾಕ್ಸ್-ಬೋರಿಕ್ ದ್ರಾವಣದಲ್ಲಿ ನೆನೆಸದೆ ಪೀಠೋಪಕರಣ ಮಾಡಿದರೆ ಕುಟ್ಟೆ ಹುಳು ಪುಡಿ ಉದುರಿಸುತ್ತದೆ. ಕಾಫಿ ತೋಟದ ಸಿಲ್ವರ್ ಓಕ್‌ನ ಹಲಗೆಯಲ್ಲಿ ಮಿನುಗುವ ಚುಕ್ಕೆಗಳು ಚಂದ, ಮನೆಯ ಒಳಗಡೆ ಕಪಾಟಿಗೆ ಆದೀತು, ಮಳೆಗೆ ಬೇಡ. ಬಯಲುಸೀಮೆಯಲ್ಲಾದರೆ ಬೇವು ನೋಡಬಹುದು, ನಾನು ಕೆಲಸ ಮಾಡಿದ್ದು ಕಡಿಮೆ. ಬೀಟೆ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ, ಅದರ ದುಡ್ಡಿಗೆ ಇಡೀ ಮನೆಗೆ ಬಾಗಿಲು ಬರುತ್ತದೆ.

ಅಕೇಶಿಯಾಕ್ಕೆ ಮಾತ್ರ ಒಂದೆರಡು ಮಾತು ಜಾಸ್ತಿ ಹೇಳಬೇಕು. ಗುಡ್ಡ ತುಂಬಾ ನೆಟ್ಟು ಕಾಡು ಹಾಳು ಮಾಡಿದರು ಅನ್ನುವ ಸಿಟ್ಟು ನನಗೂ ಇದೆ. ಆ ಸಿಟ್ಟನ್ನು ಮರದ ಹಲಗೆ ಮೇಲೆ ತೀರಿಸುವುದು ಬೇಡ. ಬಲಿತ ಅಕೇಶಿಯಾದ ಕೆಚ್ಚು ಒಳ್ಳೆ ಕಂದು ಬಣ್ಣದ್ದು, ಪಾಲಿಶ್ ಹಾಕಿದರೆ ಗೆರೆಗಳು ಎದ್ದು ಕಾಣುತ್ತವೆ. ದಿಮ್ಮಿ ಸೊಟ್ಟ, ಗಂಟು ಬಹಳ, ಒಣಗುವಾಗ ಸೀಳುತ್ತದೆ. ಸಣ್ಣ ಸಣ್ಣ ತುಂಡಾಗಿ ಕೊಯ್ದು ಒಣಗಿಸಿದರೆ ಈ ಮೂರೂ ತೊಂದರೆ ತಪ್ಪುತ್ತವೆ. ನನ್ನ ಕೆಲಸದ ಮೇಜಿನ ಕಾಲು, ಊಟದ ಮನೆಯ ಬೆಂಚು ಇದರದ್ದೇ. ಬಂದವರು ತೇಗವಾ ಅಂತ ಕೇಳುತ್ತಾರೆ.

ಇನ್ನು ಕೊಳ್ಳುವ ಮಾತು. ಯಾವ ಮರವಾದರೂ ಉಂಗುರದ ಗೆರೆಯ ಉದ್ದಕ್ಕೆ ಕುಗ್ಗುವುದು ಜಾಸ್ತಿ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಹೆಚ್ಚುಕಡಿಮೆ ಅದರ ಅರ್ಧ. ಅಗಲ ಹಲಗೆ ಬಟ್ಟಲಿನ ಹಾಗೆ ಬಾಗುವುದು ಇದರಿಂದಲೇ. ಆದ್ದರಿಂದ ಹಲಗೆಯ ತುದಿ ನೋಡಿ. ಗೆರೆಗಳು ನೆಟ್ಟಗೆ ನಿಂತಿದ್ದರೆ ಅದು ಬಾಗಿಲಿಗೆ, ಕಮಾನಿನಂತೆ ಮಲಗಿದ್ದರೆ ಚಿಕ್ಕ ಕೆಲಸಕ್ಕೆ. ತೇವ ಅಳೆಯುವ ಮೀಟರ್ ಈಗ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಬಾಗಿಲು, ಪೀಠೋಪಕರಣಕ್ಕೆ ಶೇಕಡಾ 12ರ ಹತ್ತಿರ ಬರುವವರೆಗೆ ನಾನು ಮರ ಮುಟ್ಟುವುದಿಲ್ಲ. "ಪೂರ್ತಿ ಒಣಗಿದ್ದು ಸಾರ್" ಅಂತ ಒಬ್ಬ ವ್ಯಾಪಾರಿ ತೋರಿಸಿದ ಹಲಗೆಯಲ್ಲಿ ಮೀಟರ್ 20 ದಾಟಿತ್ತು. ಅವರಿಗೆ ನನ್ನ ಮೀಟರ್ ಮೇಲೇ ಅನುಮಾನ.

ಸ್ವಂತ ಜಾಗದ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಹಳಷ್ಟು ಜಾತಿಗೆ ಅನುಮತಿ ಬೇಕು, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಕೊಂಡ ನಾಟಾಕ್ಕೆ ಬಿಲ್ಲು, ಸಾಗಣೆಯ ಪಾಸು ಕೇಳಿ ಇಟ್ಟುಕೊಳ್ಳಿ. ದುಡ್ಡು ಲೆಕ್ಕ ಹಾಕುವವರಿಗೆ ನನ್ನ ಸಲಹೆ: ಎದುರು ಬಾಗಿಲಿಗೆ, ಮಳೆ ಹೊಡೆಯುವ ಪಡುವಣ ಕಿಟಕಿಗಳಿಗೆ ಮಾತ್ರ ಬಲಿತ ತೇಗ ತನ್ನಿ, ಬೇಕಾದರೆ ಅರಣ್ಯ ಇಲಾಖೆಯ ಡಿಪೋ ಹರಾಜಿನಲ್ಲೇ ತನ್ನಿ. ದಾರಂದಕ್ಕೆ ಹೊನ್ನೆ, ಒಳಬಾಗಿಲಿಗೆ ಹಲಸು. ಹಳೆ ಮನೆ ಬಿಚ್ಚಿದ ಮರ ಸಿಕ್ಕಿದರೆ ಇನ್ನೂ ವಾಸಿ. ಒಣಗಿಸುವ ಕೆಲಸ ಆಗಲೇ ಮುಗಿದಿರುತ್ತದೆ, ಒಳಗೆ ಉಳಿದ ಮೊಳೆಗಳನ್ನು ಹುಡುಕಿ ಕಿತ್ತರಾಯಿತು.