ಸ್ಕ್ರೇಪರ್ ಪ್ಲೇನ್ ಕೊಳ್ಳುವ ಮೊದಲು: 80 ಸಾಕೋ, 112 ಬೇಕೋ?

ಹಲಸಿನ ಹಲಗೆಗೆ ಎಷ್ಟೇ ಹರಿತದ ಕೀಸುಳಿ ಹಾಕಿದರೂ ಅಲ್ಲಲ್ಲಿ ಎಳೆ ಕಿತ್ತುಕೊಂಡೇ ಬರುತ್ತದೆ. ಒಂದು ಪಟ್ಟಿಯಲ್ಲಿ ಎಳೆ ಈಚೆಗೆ ಓರೆಯಾಗಿದ್ದರೆ ಪಕ್ಕದ ಪಟ್ಟಿಯಲ್ಲಿ ಆಚೆಗೆ ಇರುತ್ತದೆ. ಯಾವ ಕಡೆಯಿಂದ ಕೀಸಿದರೂ ಅರ್ಧ ಮರಕ್ಕೆ ಅದು ಎದುರು. ಹೊನ್ನೆಯೂ ಹಾಗೆಯೇ, ಹೆಬ್ಬಲಸಿನ ಕೆಲವು ಹಲಗೆಗಳೂ ಹಾಗೆಯೇ. ಕಾಸರಗೋಡಿನ ಕಡೆ ಬಾಗಿಲು, ದಾರಂದ, ಊಟದ ಮೇಜು ಎಲ್ಲ ಹೆಚ್ಚಾಗಿ ಇಂಥ ಮರಗಳಲ್ಲೇ ಆಗುವುದರಿಂದ ಈ ತಲೆನೋವು ಇಲ್ಲಿ ಯಾರಿಗೂ ಹೊಸದಲ್ಲ. ಆಚಾರಿಗಳು ಒಡೆದ ಗಾಜಿನ ಚೂರಿನಿಂದಲೋ ತೆಳು ಉಕ್ಕಿನ ತುಂಡಿನಿಂದಲೋ ಕೆರೆದು ನಯ ಮಾಡುತ್ತಾರೆ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಗಾಜಿಗೆ ತಳವಿಲ್ಲ. ಸಿಬಿರು ಎದ್ದಲ್ಲಿ ನಾಲ್ಕು ಸಲ ಹೆಚ್ಚು ಕೆರೆದರೆ ಅಲ್ಲೇ ಗುಂಡಿ ಬೀಳುತ್ತದೆ. ಬರಿ ಮರದಲ್ಲಿ ಕಾಣದ ಆ ಗುಂಡಿ ಪಾಲಿಶ್ ಹಾಕಿದ ಮೇಲೆ ಕಿಟಕಿಯ ಬೆಳಕಿಗೆ ಎದ್ದು ಕಾಣುತ್ತದೆ. ಸ್ಕ್ರೇಪರ್ ಪ್ಲೇನ್ ಎಂದರೆ ಅದೇ ಕೆರೆಯುವ ಅಲಗಿಗೆ ಒಂದು ಚಪ್ಪಟೆ ತಳ, ಎರಡು ಹಿಡಿ ಕೊಟ್ಟದ್ದು. ಬರಿ ಅಲಗನ್ನೇ ಕೈಯಲ್ಲಿ ಹಿಡಿದು ಕೆರೆಯುವ ಕೈಸ್ಕ್ರೇಪರ್‌ನ ಹಾಗೆ ಉಜ್ಜಿ ಕಾದು ಹೆಬ್ಬೆರಳು ಸುಡುವುದೂ ಇಲ್ಲ.

ಬಾಗಿಲು, ಕಿಟಕಿ, ಕಪಾಟು ಮಾಡುವವರಿಗೆ 80 ನಂಬ್ರದ ಮಾದರಿ ಸಾಕು. ಅಗಲದ ಮೇಜಿನ ಹಲಗೆಗಳನ್ನು ಮತ್ತೆ ಮತ್ತೆ ಮಾಡುವವರು ಮಾತ್ರ 112ರ ಕಡೆ ನೋಡಲಿ. ಮೊದಲ ಸ್ಕ್ರೇಪರಾಗಿ 112 ಕೊಳ್ಳುವುದು ದುಡ್ಡು ದಂಡ.

80 ಅಮೆರಿಕದ ಸ್ಟ್ಯಾನ್ಲಿ ಕಂಪೆನಿಯ ಹಳೆಯ ಮಾದರಿ. ಎರಡೂ ಪಕ್ಕಕ್ಕೆ ರೆಕ್ಕೆಯಂತೆ ಚಾಚಿದ ಹಿಡಿ, ನಡುವೆ ಸಣ್ಣ ತಳ, ಸುಮಾರು 70 ಮಿ.ಮೀ. ಅಗಲದ ತೆಳು ಅಲಗು. ಅಲಗು ಸ್ವಲ್ಪ ಮುಂದಕ್ಕೆ ವಾಲಿ ನಿಲ್ಲುತ್ತದೆ, ಆ ಕೋನ ಬದಲಾಗದು. ಹಿಂದಿನ ಒಂದು ತಿರುಪು ಅಲಗಿನ ಹೊಟ್ಟೆಯನ್ನು ಮುಂದಕ್ಕೆ ಒತ್ತಿ ಬಿಲ್ಲಿನಂತೆ ಬಗ್ಗಿಸುತ್ತದೆ. ಹೊಂದಿಸಲು ಇರುವುದು ಇಷ್ಟೇ, ಅದೇ ಇದರ ಗುಣ. ತಳ ಗಿಡ್ಡವಾದ್ದರಿಂದ ದಾರಂದದ ಮೂಲೆಯಲ್ಲಿ, ಅಡ್ಡಪಟ್ಟಿ ಉದ್ದಪಟ್ಟಿ ಕೂಡುವಲ್ಲಿ ಇದು ಸಲೀಸಾಗಿ ನಡೆಯುತ್ತದೆ. ಕೆನಡಾದ ವೆರಿಟಾಸ್ ಇದೇ ತತ್ತ್ವದ ಕ್ಯಾಬಿನೆಟ್ ಸ್ಕ್ರೇಪರ್ ಮಾಡುತ್ತದೆ.

112 ನೋಡಲು ಕೀಸುಳಿಯೇ: ಹಿಂದೆ ಹಿಡಿ, ಮುಂದೆ ಗುಂಡು, ಸುಮಾರು 9 ಇಂಚು ಉದ್ದದ ತಳ. ಅಲಗಿನ ಕೋನವನ್ನು ಒಂದು ತಿರುಪು ಕಡ್ಡಿ ಮತ್ತು ಎರಡು ನಟ್‌ಗಳಿಂದ ಬದಲಿಸಬಹುದು. (ಲೋಹದ ಕೀಸುಳಿಗಳಿಗೆ ಹೆಸರಾದ ಲಿಯೊನಾರ್ಡ್ ಬೈಲಿ 1855ರಲ್ಲಿ ಪಡೆದ ಮೊದಲ ಪೇಟೆಂಟೇ ಸ್ಕ್ರೇಪರ್ ಪ್ಲೇನ್‌ನದು, ಮಾಮೂಲು ಕೀಸುಳಿ ಆಮೇಲಿನದು.) ಅಮೆರಿಕದ ಲೀ-ನೀಲ್ಸನ್‌ನ 112ರಲ್ಲಿ ಅಲಗು ದಪ್ಪ, ಬಗ್ಗುವುದಿಲ್ಲ. ಆದ್ದರಿಂದ ಮೂಲೆ ಗೀರದಂತೆ ಸಾಣೆಯಲ್ಲೇ ಅಂಚಿಗೆ ನಸು ಬಾಗು ಕೊಡಬೇಕು. ವೆರಿಟಾಸ್‌ನದರಲ್ಲಿ ತೆಳು ಅಲಗನ್ನು ತಿರುಪಿನಿಂದ ಬಗ್ಗಿಸಬಹುದು. ಸಾಣೆ ಹಿಡಿಯುವುದರಲ್ಲಿ ಪಳಗದವರಿಗೆ ಇದೇ ಮೇಲು. ಆದರೆ 112ರಲ್ಲಿ ಕೋನ ಕೂದಲೆಳೆಯಷ್ಟು ಬದಲಿಸಿದರೂ ಅಲಗು ಇಳಿಯುವ ಆಳವೂ ಬದಲಾಗುತ್ತದೆ, ಮತ್ತೆ ಮೊದಲಿಂದ ಹೊಂದಿಸಬೇಕು. ಹೊಸಬರು ಬೇಸತ್ತು ಇದನ್ನು ಮೂಲೆಗೆ ಎಸೆಯುವುದು ಇದೇ ಕಾರಣಕ್ಕೆ.

ಕಾಸರಗೋಡು ಪೇಟೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಮಾಮೂಲು ಕೀಸುಳಿ ಸಿಕ್ಕಿದಷ್ಟು ಸುಲಭಕ್ಕೆ ಇವು ಸಿಗವು. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಎರಡೂ ಮೇಲೆ ಬೀಳುತ್ತವೆ. ಹಾಗಾಗಿ ಹೆಚ್ಚಿನವರ ಕೈಗೆ ಬರುವುದು ಹಳೆಯ 80 ಅಥವಾ ಅದರ ಅಗ್ಗದ ನಕಲು. ಹಳೆಯದರಲ್ಲಿ ಹಿಡಿ ತಳಕ್ಕೆ ಕೂಡುವಲ್ಲಿ ಬಿರುಕಿದೆಯೇ ನೋಡಿ; ಎರಕದ ಕಬ್ಬಿಣ, ಬಿದ್ದರೆ ಅಲ್ಲೇ ಒಡೆಯುವುದು. ಬಗ್ಗಿಸುವ ತಿರುಪು ಇದೆಯೇ, ಅದರ ಥ್ರೆಡ್ ಸವೆದಿದೆಯೇ ನೋಡಿ. ತುಕ್ಕು ದೊಡ್ಡ ವಿಷಯವಲ್ಲ. ನಕಲಿನಲ್ಲಿ ಬೇರೆ ತೊಂದರೆ: ಅಲಗು ಕೂರುವ ಜಾಗಕ್ಕೂ ದಪ್ಪಗೆ ಬಣ್ಣ ಬಳಿದಿರುತ್ತಾರೆ, ಅಲಗು ಗಟ್ಟಿ ಕೂರದೆ ನಡುಗುತ್ತದೆ. ಆ ಬಣ್ಣವನ್ನು ಅರದಿಂದ ಕೆರೆದು ತೆಗೆಯಬೇಕು. ತಳವನ್ನು ದಪ್ಪ ಗಾಜಿನ ಮೇಲೆ ಅಂಟಿಸಿದ 120ರ ಎಮರಿ ಪೇಪರಿನಲ್ಲಿ ತಿಕ್ಕಿ ಸಮ ಮಾಡಬೇಕು. ತಳದ ಮುಂದಿನ ಅಂಚು ಮತ್ತು ಬಾಯಿಯ ಸುತ್ತ ಸಮವಾದರೆ ಸಾಕು, ಪೂರ್ತಿ ಕನ್ನಡಿಯಾಗಬೇಕೆಂದಿಲ್ಲ.

ಇನ್ನು ಅಲಗು. ಯಾವ ಕಂಪೆನಿಯದನ್ನೇ ಕೊಂಡರೂ ಕೆರೆಯುವುದು ಅಂಚಿನ ಕೊಕ್ಕೆ, ಅಂದರೆ ಅಂಚನ್ನು ಒತ್ತಿ ಮಡಚಿ ಎಬ್ಬಿಸಿದ ಸಣ್ಣ ಏಣು. ಅಲಗನ್ನು ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಅರದಿಂದ 45 ಡಿಗ್ರಿ ಓರೆ ಮಾಡಿ, ಬಳಿಕ 1000ದ ಸಾಣೆಕಲ್ಲಿನಲ್ಲಿ ಓರೆಯನ್ನೂ ಚಪ್ಪಟೆ ಮೈಯನ್ನೂ ತಿಕ್ಕಿ. ಅರದ ಗೀರು ಉಳಿದರೆ ಆ ಗೀರೇ ಮರದ ಮೇಲೆ ಸಾಲು ಸಾಲಾಗಿ ಅಚ್ಚಾಗುತ್ತದೆ. ಎರಡೂ ಮೂಲೆಗಳನ್ನು ಒಂದು ಮಿ.ಮೀ. ಉರುಟು ಮಾಡಿ. ಆಮೇಲೆ ಬರ್ನಿಷರ್‌ಗೆ (ಅಂಚನ್ನು ಒತ್ತಿ ಮಡಚುವ ನಯವಾದ ಗಡಸು ಕಡ್ಡಿ) ಒಂದು ತೊಟ್ಟು ಎಣ್ಣೆ ಸವರಿ ಓರೆಯ ಮೇಲೆ ಎಳೆಯಿರಿ: ಮೊದಲ ಎಳೆತ 45ಕ್ಕಿಂತ ಚೂರು ಹೆಚ್ಚು, ಪ್ರತಿ ಎಳೆತಕ್ಕೂ ಕೋನ ಏರಿಸುತ್ತಾ ನಾಲ್ಕೈದು ಎಳೆತದಲ್ಲಿ 75ರ ಆಸುಪಾಸಿಗೆ ಬನ್ನಿ. ಚಪ್ಪಟೆ ಮೈಯ ಕಡೆಗೆ ಮಡಚಿಕೊಂಡ ಕೊಕ್ಕೆ ಉಗುರಿಗೆ ಸಿಕ್ಕಬೇಕು, ಅಂಚಿನುದ್ದಕ್ಕೂ ಒಂದೇ ಸಮ. ಸಿಟ್ಟಿನಿಂದ ಒತ್ತಿದರೆ ಕೊಕ್ಕೆ ಸುರುಳಿಯಾಗಿ ಒಳಕ್ಕೆ ತಿರುಗುತ್ತದೆ, ಆಗ ಕೆರೆಯುವುದೇ ಇಲ್ಲ. ಬರ್ನಿಷರ್ ಅಲಗಿಗಿಂತ ಗಡಸಾಗಿರಬೇಕು. ಡ್ರಿಲ್ ಬಿಟ್‌ನ ಹಿಂಬದಿ ಅನೇಕ ಸಲ ಮೆತ್ತಗಿರುತ್ತದೆ, ಗೀರು ಬೀಳುತ್ತದೆ. ಕಾರ್ಬೈಡ್ ಕಡ್ಡಿ ವಾಸಿ.

80ನ್ನು ಹೊಂದಿಸಲು ಸಮತಟ್ಟಾದ ಹಲಗೆಯ ಮೇಲಿಟ್ಟು, ಬಗ್ಗಿಸುವ ತಿರುಪು ಸಡಿಲಿಸಿ, ತಳದ ಮುಂದಿನ ಅಂಚಿನಡಿ ಪೇಪರಿನ ಒಂದು ಚೂರು ಇಡಿ. ಓರೆ ಬಗ್ಗಿಸುವ ತಿರುಪಿನ ಕಡೆಗಿರುವಂತೆ ಅಲಗನ್ನು ಇಳಿಸಿ, ಮರಕ್ಕೆ ತಾಗುವವರೆಗೆ ಬೆರಳಿನಿಂದ ಒತ್ತಿ, ಹಿಡಿಯುವ ತಿರುಪುಗಳನ್ನು ಬಿಗಿ ಮಾಡಿ. ಬಗ್ಗಿಸುವ ತಿರುಪು ಅಲಗಿಗೆ ತಾಗಿದ ಮೇಲೆ ಕಾಲು ಸುತ್ತು ಸಾಕು. ನಡುವಿನಿಂದ ತೆಳು ಸುರುಳಿ ಏಳಬೇಕು. ತಳವನ್ನು ಎಳೆಗೆ ಹತ್ತು ಹದಿನೈದು ಡಿಗ್ರಿ ಓರೆ ಹಿಡಿದು ದೂಡಿ.

ಸುರುಳಿಯ ಬದಲು ಬರೀ ಹುಡಿ ಬಂದರೆ ಕೊಕ್ಕೆ ಸತ್ತಿದೆ ಎಂದೇ ಲೆಕ್ಕ. ಅಲಗು ಕುಣಿದು ಮರದ ಮೇಲೆ ಅಡ್ಡ ಅಲೆ ಮೂಡಿದರೆ ಮೊದಲು ಹಿಡಿಯುವ ತಿರುಪು ನೋಡಿ, ಆಮೇಲೆ ಆಳ ಕಡಿಮೆ ಮಾಡಿ. 112 ಆದರೆ ಅಲಗಿನ ಕೋನವನ್ನೂ ಬದಲಿಸಿ ನೋಡಿ. ಒಂದೇ ಪಕ್ಕ ಕೆರೆದರೆ ಅಲಗು ಸೊಟ್ಟ ಕೂತಿದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಕೊಕ್ಕೆ ಬೇಗ ಮೊಂಡಾಗುತ್ತದೆ, ಅದು ಅಲಗಿನ ದೋಷವಲ್ಲ. ಅರ ಹಾಕದೆ ಬರ್ನಿಷರ್‌ನಿಂದಲೇ ಒಂದೆರಡು ಬಾರಿ ಕೊಕ್ಕೆ ಎಬ್ಬಿಸಬಹುದು.

ಮೆತ್ತನೆಯ ಮಾವಿನ ಹಲಗೆಗೆ ಇದನ್ನು ಹಾಕಬೇಡಿ, ಮೈಯೆಲ್ಲ ನಾರು ಏಳುತ್ತದೆ. ವೆನೀರ್ ಪ್ಲೈವುಡ್‌ಗಂತೂ ಬೇಡವೇ ಬೇಡ: ಮೇಲಿನ ಪದರ ಅರ್ಧ ಮಿ.ಮೀ. ಆಸುಪಾಸು, ಮೂರ್ನಾಲ್ಕು ಎಳೆತಕ್ಕೆ ಅಡಿಯ ಮರ ಕಾಣಿಸಿಕೊಳ್ಳುತ್ತದೆ. ಹಲಸಿನ ಮದ್ದಳೆಯ ಉರುಟು ಮೈಗೂ ಚಪ್ಪಟೆ ತಳದಿಂದ ಪ್ರಯೋಜನವಿಲ್ಲ. ಅಲ್ಲಿ ಕೈಯಲ್ಲಿ ಬಗ್ಗುವ ಬರಿ ಸ್ಕ್ರೇಪರೇ ಸೈ.

ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಎರಕದ ತಳ ಒಂದೇ ರಾತ್ರಿಗೆ ಕೆಂಪಾಗಬಹುದು. ಹೊಲಿಗೆ ಯಂತ್ರದ ಎಣ್ಣೆ ಸವರಿಡಿ, ಪಾಲಿಶ್ ಕೆಲಸಕ್ಕೆ ಮೊದಲು ಪೂರ್ತಿ ಒರಸಿ ತೆಗೆಯಿರಿ. ಜಾರಲು ಮೇಣದಬತ್ತಿ ಸಾಕು. ಇನ್ನೊಂದು ಅಲಗು ಬೇಕಾದರೆ ಹಳೆಯ ಕೈಗರಗಸದ ತಗಡಿನಿಂದ ಮಾಡಿಕೊಳ್ಳಬಹುದು, 0.8ರಿಂದ 1 ಮಿ.ಮೀ. ದಪ್ಪದ್ದು. ಗ್ರೈಂಡರಿನಲ್ಲಿ ಕತ್ತರಿಸುವಾಗ ನೀಲಿಗಟ್ಟಿದ ಅಂಚನ್ನು ಅರದಿಂದ ಪೂರ್ತಿ ತೆಗೆದ ಮೇಲೆಯೇ ಓರೆ ಹಿಡಿಯಿರಿ. ಸುಟ್ಟ ಉಕ್ಕಿನಲ್ಲಿ ಕೊಕ್ಕೆ ನಿಲ್ಲುವುದಿಲ್ಲ.